ಅನ್ನನಾಳ, ಜಠರದ ಕ್ಯಾನ್ಸರ್‌ಗೆ ತೂತಿನ ಆಪರೇಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರಲ್ಲ. ಜಮಖಂಡಿ ಹತ್ತಿರದ ಹಳ್ಳಿಯವಳು, ಈಗ ಬಾಗಲಕೋಟೆಯ ನವನಗರದಲ್ಲಿದ್ದೇನೆ. ನಮ್ಮ ಅಪ್ಪನಿಗೆ ಅನ್ನನಾಳದ ಕ್ಯಾನ್ಸರ್ ಆಗಿ, ಎದೆ ಮತ್ತು ಹೊಟ್ಟೆ ಎರಡೂ ಕಡೆ ಸಣ್ಣ ತೂತು ಹಾಕಿ ಆಪರೇಷನ್ ಮಾಡಿದರು. ಅವತ್ತಿನಿಂದ ಅಥಣಿಯಿಂದ, ಇಂಡಿಯಿಂದ, ಗೋಕಾಕದಿಂದ ಯಾರಾದರೂ ಫೋನ್ ಮಾಡುತ್ತಲೇ ಇರುತ್ತಾರೆ. "ಅಕ್ಕಾ, ನಿಮ್ಮ ಅಪ್ಪಾರಿಗೂ ಹಿಂಗ ಆಗಿತ್ತಂತಲ್ಲ" ಅಂತ ಮಾತು ಶುರುವಾಗುತ್ತದೆ. ಆಮೇಲೆ ಬರುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಆವಾಗಿನಿಂದ ಈ ಆಪರೇಷನ್ ಮೇಲೆ ನಡೆದ ಅಧ್ಯಯನಗಳನ್ನು ಹುಡುಕಿ ಓದಿದ್ದೇನೆ, ಅರ್ಥವಾಗದ್ದನ್ನು ಅಪ್ಪನ ಡಾಕ್ಟರ್ ಹತ್ತಿರ ಕೇಳಿ ತಿಳಿದುಕೊಂಡಿದ್ದೇನೆ. ನಿಮ್ಮವರ ರಿಪೋರ್ಟ್ ನೋಡಿ ತೀರ್ಮಾನ ಹೇಳಬೇಕಾದವರು ಮಾತ್ರ ನಿಮ್ಮ ಡಾಕ್ಟರೇ.

ತೂತಿನ ಆಪರೇಷನ್ ಅಂದ್ರೆ ಏನು ಮಾಡ್ತಾರೆ?

ಹೊರಗಿನ ಗಾಯ ಸಣ್ಣದು, ಒಳಗಿನ ಕೆಲಸ ಸಣ್ಣದಲ್ಲ. ಇದನ್ನು ಮೊದಲು ತಲೆಯಲ್ಲಿ ಇಟ್ಟುಕೊಳ್ಳಿ.

ಅನ್ನನಾಳ ಅಂದ್ರೆ ಗಂಟಲಿನಿಂದ ಜಠರದವರೆಗೆ ಇಳಿಯುವ, ಸುಮಾರು 25 ಸೆಂಟಿಮೀಟರ್ ಉದ್ದದ ಕೊಳವೆ. ಮುಂದೆ ಶ್ವಾಸನಾಳ ಮತ್ತು ಹೃದಯ, ಹಿಂದೆ ಬೆನ್ನುಮೂಳೆ, ನಡುವೆ ಇದು. ಅಲ್ಲಿಗೆ ಕೈ ಮುಟ್ಟಬೇಕಾದರೆ ಹಿಂದೆಲ್ಲ ಬಲಗಡೆ ಎದೆಯನ್ನು ಉದ್ದಕ್ಕೆ ಕೊಯ್ದು, ಪಕ್ಕೆಲುಬು ಅಗಲಿಸಿ ಹಿಡಿಯಬೇಕಿತ್ತು. ಈಗ ಅದರ ಬದಲು ಪಕ್ಕೆಲುಬುಗಳ ನಡುವೆ ನಾಲ್ಕೈದು ತೂತು ಹಾಕುತ್ತಾರೆ, ಒಂದೊಂದು 5ರಿಂದ 12 ಮಿಲಿಮೀಟರ್. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಸಾಮಾನು. ಬಲ ಶ್ವಾಸಕೋಶವನ್ನು ಅಷ್ಟು ಹೊತ್ತು ಕುಗ್ಗಿಸಿ ಜಾಗ ಮಾಡಿಕೊಳ್ಳುತ್ತಾರೆ. ಅನ್ನನಾಳವನ್ನು, ಅದರ ಸುತ್ತಲಿನ, ಕ್ಯಾನ್ಸರ್ ಹಬ್ಬಬಹುದಾದ ಸಣ್ಣ ಲಿಂಫ್ ಗಂಟುಗಳ ಸಮೇತ ಬಿಡಿಸುತ್ತಾರೆ. ಆಮೇಲೆ ಅಂಗಾತ ಮಲಗಿಸಿ ಹೊಟ್ಟೆಯಲ್ಲಿ ಮತ್ತೆ ಐದಾರು ತೂತು. ಜಠರವನ್ನು ಸ್ಟೇಪ್ಲರ್‌ನಿಂದ ಕತ್ತರಿಸಿ ಉದ್ದನೆಯ ಕೊಳವೆ ಮಾಡಿ, ಮೇಲಕ್ಕೆ ಎಳೆದು ಕುತ್ತಿಗೆಯಲ್ಲೋ ಎದೆಯಲ್ಲೋ ಉಳಿದ ಅನ್ನನಾಳಕ್ಕೆ ಜೋಡಿಸುತ್ತಾರೆ. ಅಂದ್ರೆ ಅಪ್ಪನ ಜಠರ ಈಗ ಎದೆಯೊಳಗಿದೆ. ಅದನ್ನು ಕೇಳಿ ಅವ್ವ ಒಂದು ದಿನ ಪೂರ್ತಿ ಮಾತಾಡಿರಲಿಲ್ಲ.

ಅವತ್ತು ಬೆಳಿಗ್ಗೆ 8ಕ್ಕೆ ಒಳಗೆ ಕರೆದುಕೊಂಡು ಹೋದವರು ಹೊರಗೆ ಬಂದಾಗ ಸಂಜೆ 4 ದಾಟಿತ್ತು.

ಜಠರದ ಕ್ಯಾನ್ಸರ್ ಆದರೆ ಎದೆಯ ಕೆಲಸ ಸಾಮಾನ್ಯವಾಗಿ ಇರುವುದಿಲ್ಲ. ಜಠರದ ಕೆಳಭಾಗವನ್ನೋ ಪೂರ್ತಿ ಜಠರವನ್ನೋ ಗಂಟುಗಳ ಸಮೇತ ತೆಗೆದು, ಸಣ್ಣ ಕರುಳಿಗೆ ಜೋಡಿಸುತ್ತಾರೆ. ತೆಗೆದ ಭಾಗ ಹೊರಗೆ ಬರಲು ನಾಲ್ಕೈದು ಸೆಂಟಿಮೀಟರಿನ ಒಂದು ಕೊಯ್ತ ಬೇಕೇ ಬೇಕು, ಆದ್ದರಿಂದ ಬರೀ ತೂತು ಅನ್ನುವುದು ಪೂರ್ತಿ ನಿಜ ಅಲ್ಲ.

ಇದು ಹೊಸದಾ? ನಮ್ಮವರ ಮೇಲೆ ಮಾಡಿ ಕಲೀತಾರಾ?

ಹೊಸದಲ್ಲ. ಜಠರದ ಕ್ಯಾನ್ಸರ್ ತೆಗೆದು ರೋಗಿ ಬದುಕಿ ಉಳಿದ ಮೊದಲ ಆಪರೇಷನ್ 1881ರಲ್ಲಿ ವಿಯೆನ್ನಾದಲ್ಲಿ ಆಯಿತು, ಮಾಡಿದವರು ಥಿಯೋಡೋರ್ ಬಿಲ್‌ರಾತ್. ಆ ಹೆಂಗಸು ನಾಲ್ಕು ತಿಂಗಳಷ್ಟೇ ಬದುಕಿದರು. 1913ರಲ್ಲಿ ನ್ಯೂಯಾರ್ಕಿನಲ್ಲಿ ಫ್ರಾಂಜ್ ಟೋರೆಕ್ ಎದೆ ತೆರೆದು ಅನ್ನನಾಳ ತೆಗೆದರು. ಮತ್ತೆ ಜೋಡಿಸುವ ವಿದ್ಯೆ ಆಗ ಇರಲಿಲ್ಲ. ಆ ರೋಗಿ ಕುತ್ತಿಗೆಯಿಂದ ಹೊಟ್ಟೆಗೆ ಮೈ ಹೊರಗೆ ಒಂದು ರಬ್ಬರ್ ಕೊಳವೆ ಹಾಕಿಕೊಂಡು, ಅದರಿಂದಲೇ ಊಟ ಇಳಿಸಿಕೊಂಡು, ಹತ್ತು ವರ್ಷಕ್ಕೂ ಜಾಸ್ತಿ ಬಾಳಿದರು. ಇದನ್ನು ಓದಿದ ದಿನ ನಾನು ಅಪ್ಪನಿಗೆ ಹೇಳಿದೆ, ಅಪ್ಪ ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ಲ್ಯಾಪ್ರೋಸ್ಕೋಪಿಯಿಂದ, ಅಂದ್ರೆ ಹೊಟ್ಟೆಗೆ ತೂತು ಹಾಕಿ ಕ್ಯಾಮೆರಾ ಇಳಿಸಿ, ಜಠರದ ಕ್ಯಾನ್ಸರ್ ತೆಗೆಯುವುದು ಶುರುವಾದದ್ದು 1991ರಲ್ಲಿ, ಜಪಾನಿನಲ್ಲಿ. ಎದೆಗೆ ಕ್ಯಾಮೆರಾ ಹಾಕಿ ಅನ್ನನಾಳ ಬಿಡಿಸಿದ ಮೊದಲ ವರದಿಗಳು 1992ರ ಹೊತ್ತಿಗೆ ಬ್ರಿಟನ್ನಿನಿಂದ ಬಂದವು. ನಮ್ಮ ದೇಶದವರೂ ಹಿಂದೆ ಬಿದ್ದಿಲ್ಲ. ರೋಗಿಯನ್ನು ಬೋರಲು ಮಲಗಿಸಿ ಎದೆಯ ಕೆಲಸ ಮಾಡುವ ರೀತಿಯಲ್ಲಿ 130 ಜನರ ಅನುಭವವನ್ನು ಕೊಯಮತ್ತೂರಿನ ಪಳನಿವೇಲು ಅವರ ತಂಡ 2006ರಲ್ಲೇ ಪ್ರಕಟಿಸಿತು. ಬೋರಲು ಮಲಗಿಸಿದರೆ ಶ್ವಾಸಕೋಶ ತಾನಾಗಿ ಮುಂದಕ್ಕೆ ಜಾರಿ ಅನ್ನನಾಳ ಕಣ್ಣಿಗೆ ಬೀಳುತ್ತದೆ. ಈಗ ಜಗತ್ತಿನ ಎಷ್ಟೋ ಕಡೆ ಹೀಗೇ ಮಾಡುತ್ತಾರೆ.

ಮೊದಲ ಲಕ್ಷಣ ಏನಿರುತ್ತೆ?

ಅನ್ನನಾಳದ್ದಾದರೆ ನುಂಗುವಾಗ ಸಿಕ್ಕಿಕೊಂಡ ಹಾಗೆ ಆಗುವುದು. ಮೊದಲು ಗಟ್ಟಿ ಪದಾರ್ಥ, ಆಮೇಲೆ ಮೆತ್ತನೆಯದು, ಕೊನೆಗೆ ನೀರು ಕೂಡ. ನಮ್ಮ ಅಪ್ಪ ಜೋಳದ ರೊಟ್ಟಿ ಬಿಟ್ಟು ನುಚ್ಚು-ಮಜ್ಜಿಗೆ ಕೇಳತೊಡಗಿದ್ದರು. ಹಲ್ಲು ನೋವಿರಬೇಕು ಅಂದುಕೊಂಡೆವು. ಒಂದು ದಿನ ಊಟಕ್ಕೆ ಕೂತಾಗ ರೊಟ್ಟಿಯ ತುಣುಕನ್ನು ಮಜ್ಜಿಗೆಯಲ್ಲಿ ಅದ್ದಿ, ಹಿಂಡಿ, ನುಂಗಿ, ಎದೆಗೆ ಕೈ ಇಟ್ಟುಕೊಂಡು ನೀರು ಕುಡಿದರು. ಹತ್ತಿರ ಕೂತು ನೋಡಿದ್ದಕ್ಕೆ ಗೊತ್ತಾಯಿತು. ಅಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು, ಮೊದಲು ತೋರಿಸಿದ ಕಡೆ ಆಸಿಡ್ ಗುಳಿಗೆ ಕೊಟ್ಟು ಕಳಿಸಿದ್ದರು, ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿಯ ಮಾತೇ ಎತ್ತಿರಲಿಲ್ಲ. ನಾವೂ ಕೇಳಲಿಲ್ಲ. ಈ ಒಂದು ವಿಷಯ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಜಠರದ್ದು ಇನ್ನೂ ಕಷ್ಟ, ಅದು ಬೇಗ ಗೊತ್ತಾಗುವುದಿಲ್ಲ. ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ ಅನ್ನಿಸುವುದು, ತೂಕ ಇಳಿಯುವುದು, ರಕ್ತ ಕಡಿಮೆ ಆಗುವುದು, ಕಪ್ಪಗೆ ಮಲ ಹೋಗುವುದು. ನುಂಗಲು ತೊಂದರೆ ಇದ್ದರೆ, ಇಲ್ಲವೇ ತೂಕ ಇಳಿಯುತ್ತಿದ್ದರೆ, ಗುಳಿಗೆ ಬರೆಸಿಕೊಂಡು ಬರಬೇಡಿ. ಎಂಡೋಸ್ಕೋಪಿ ಕೇಳಿ. ಹತ್ತು ನಿಮಿಷದ ಕೆಲಸ.

ನಮ್ಮ ಕಡೆ ಇದು ಯಾಕೆ ಬರುತ್ತೆ?

ಅನ್ನನಾಳದ ಕ್ಯಾನ್ಸರಿನಲ್ಲಿ ಮುಖ್ಯವಾಗಿ ಎರಡು ಜಾತಿ. ಭಾರತದಲ್ಲಿ ಜಾಸ್ತಿ ಕಾಣುವುದು ಸ್ಕ್ವೇಮಸ್ ಅನ್ನುವ ಜಾತಿ, ಅದಕ್ಕೂ ತಂಬಾಕು ಮತ್ತು ಸೆರೆಗೂ ನೇರ ಸಂಬಂಧ. ನಿಪ್ಪಾಣಿಯ ತಂಬಾಕು ನಮ್ಮ ಜಿಲ್ಲೆಗಳಿಗೆ ಹೊಸದೇನಲ್ಲ. ಸುಣ್ಣ ತಿಕ್ಕಿ ಬಾಯಿಗೆ ಹಾಕಿಕೊಳ್ಳುವುದು, ಗುಟ್ಕಾ, ಬೀಡಿ, ಹೆಂಗಸರು ಹಲ್ಲಿಗೆ ಹಚ್ಚುವ ಮಿಶ್ರಿ, ಎಲ್ಲವೂ ತಂಬಾಕೇ. ಇನ್ನೊಂದು ಜಾತಿ ಅಡೆನೋಕಾರ್ಸಿನೋಮಾ, ಇದು ಅನ್ನನಾಳದ ಕೆಳತುದಿಯಲ್ಲಿ, ವರ್ಷಗಟ್ಟಲೆ ಹುಳಿತೇಗು ಇದ್ದವರಲ್ಲಿ ಮತ್ತು ದಪ್ಪ ಇರುವವರಲ್ಲಿ ಜಾಸ್ತಿ. 65 ಡಿಗ್ರಿಗಿಂತ ಬಿಸಿಯಾದ ಪಾನೀಯ ಅನ್ನನಾಳದ ಕ್ಯಾನ್ಸರ್ ತರುವ ಸಂಭವ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲಿ ಹೇಳಿತು. ಒಲೆಯಿಂದ ಇಳಿಸಿದ ಚಹಾವನ್ನು ಹಾಗೇ ಗುಟುಕರಿಸುವವರು ಎರಡು ನಿಮಿಷ ಕಾದರೆ ಸಾಕು.

ಜಠರದ್ದಕ್ಕೆ ದೊಡ್ಡ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ. ಅದನ್ನು ಗುರುತಿಸಿದ ಆಸ್ಟ್ರೇಲಿಯಾದ ಮಾರ್ಷಲ್ ಮತ್ತು ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಪರೀಕ್ಷೆಯಲ್ಲಿ ಆ ಬ್ಯಾಕ್ಟೀರಿಯಾ ಸಿಕ್ಕರೆ ಆ ಸೋಂಕನ್ನು ಗುಳಿಗೆಯಿಂದಲೇ ವಾಸಿ ಮಾಡಬಹುದು.

ತೆರೆದ ಆಪರೇಷನ್‌ಗಿಂತ ಇದು ಒಳ್ಳೇದು ಅನ್ನೋದಕ್ಕೆ ಪುರಾವೆ ಇದೆಯಾ?

ಅನ್ನನಾಳದ ವಿಷಯದಲ್ಲಿ ಇದೆ, ಆದರೆ ಜನ ಅಂದುಕೊಂಡ ಕಾರಣಕ್ಕೆ ಅಲ್ಲ. ಫೋನ್ ಮಾಡುವವರೆಲ್ಲ ಕೇಳುವುದು ಕಲೆ ಉಳಿಯುತ್ತಾ, ಬೇಗ ಮನೆಗೆ ಕಳಿಸ್ತಾರಾ ಅಂತ. ನಿಜವಾದ ಲಾಭ ಇರುವುದು ಉಸಿರಿನಲ್ಲಿ.

ಎದೆ ಕೊಯ್ದರೆ ಆ ನೋವಿಗೆ ಮನುಷ್ಯ ಪೂರ್ತಿ ಉಸಿರು ಎಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ಒಳಗೇ ಕೂರುತ್ತದೆ, ನ್ಯುಮೋನಿಯಾ ಆಗುತ್ತದೆ. ಈ ಆಪರೇಷನ್ ಆದವರನ್ನು ಹೆಚ್ಚಾಗಿ ಕಾಡುವ ಅಪಾಯಗಳಲ್ಲಿ ಇದು ಮುಂದಿದೆ. 2012ರಲ್ಲಿ ಟೈಮ್ ಅನ್ನುವ ಅಧ್ಯಯನ ಪ್ರಕಟವಾಯಿತು. ನೆದರ್ಲೆಂಡ್ಸ್, ಸ್ಪೇನ್, ಇಟಲಿಯ ಆಸ್ಪತ್ರೆಗಳ 115 ರೋಗಿಗಳು. ಯಾರಿಗೆ ಯಾವ ಆಪರೇಷನ್ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. ಮೊದಲ ಎರಡು ವಾರದಲ್ಲಿ ಶ್ವಾಸಕೋಶದ ಸೋಂಕು ತೆರೆದ ಆಪರೇಷನ್ ಆದವರಲ್ಲಿ 100ಕ್ಕೆ 29 ಜನರಿಗೆ ಬಂತು, ತೂತಿನ ಆಪರೇಷನ್ ಆದವರಲ್ಲಿ 100ಕ್ಕೆ 9. ಆಮೇಲೆ ಮೂರು ವರ್ಷದ ಲೆಕ್ಕ ನೋಡಿದಾಗ ಬದುಕುಳಿದವರ ಪ್ರಮಾಣದಲ್ಲಿ ಎರಡೂ ಗುಂಪಿಗೆ ಖಚಿತ ಅನ್ನುವಂಥ ವ್ಯತ್ಯಾಸ ಕಾಣಲಿಲ್ಲ. ಅಂದ್ರೆ ಕ್ಯಾನ್ಸರ್ ತೆಗೆಯುವುದರಲ್ಲಿ ಇದು ಕಡಿಮೆ ಬೀಳಲಿಲ್ಲ, ಶ್ವಾಸಕೋಶಕ್ಕೆ ಹಗುರವಾಯಿತು.

2019ರಲ್ಲಿ ಫ್ರಾನ್ಸಿನ ಮಿರೋ ಅಧ್ಯಯನ ಬಂತು. 207 ಜನ. ಅಲ್ಲಿ ಹೊಟ್ಟೆಗೆ ಮಾತ್ರ ತೂತು, ಎದೆ ಮಾತ್ರ ತೆರೆದೇ. ಅರ್ಧ ತೂತು, ಅರ್ಧ ತೆರೆದದ್ದು. ಅಷ್ಟಕ್ಕೇ ದೊಡ್ಡ ತೊಂದರೆಗಳು 100ಕ್ಕೆ 64ರಿಂದ 36ಕ್ಕೆ ಇಳಿದವು. ಆದ್ದರಿಂದ "ಎದೆ ತೆರೀಬೇಕಾಗ್ತದ, ಹೊಟ್ಟಿಗೆ ಲ್ಯಾಪ್ರೋಸ್ಕೋಪಿ" ಅಂತ ಡಾಕ್ಟರ್ ಹೇಳಿದರೆ ಹಳೇ ಕಾಲದವರು ಅಂದುಕೊಳ್ಳಬೇಡಿ, ಅದಕ್ಕೂ ಗಟ್ಟಿ ಆಧಾರ ಇದೆ.

ಅಪ್ಪನ ಹಾಸಿಗೆ ಪಕ್ಕ ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಡಬ್ಬಿ ಇತ್ತು. ಕೊಳವೆ ಬಾಯಲ್ಲಿಟ್ಟು ಉಸಿರು ಎಳೆದರೆ ಚೆಂಡು ಮೇಲೇಳಬೇಕು. ಆಪರೇಷನ್‌ಗೆ ಎರಡು ವಾರ ಮೊದಲೇ ಶುರು ಮಾಡಿಸಿದ್ದರು. ಆಪರೇಷನ್ ಆದ ಮರುದಿನ ಒಂದು ಚೆಂಡು ಅರ್ಧಕ್ಕೆ ಏರಿ ಬಿತ್ತು. ನಾಲ್ಕನೇ ದಿನ ಎರಡು ಚೆಂಡು ಮೇಲೆ ನಿಂತವು. ನಾನು, ತಮ್ಮ, ನರ್ಸಮ್ಮ ಮೂವರೂ ಆ ಚೆಂಡನ್ನೇ ನೋಡುತ್ತಾ ನಿಂತಿದ್ದೆವು. 29 ಮತ್ತು 9 ಅನ್ನುವ ಅಂಕಿ ಆಮೇಲೆ ಓದಿದಾಗ ನನಗೆ ಕಣ್ಮುಂದೆ ಬಂದದ್ದು ಆ ನೀಲಿ ಚೆಂಡುಗಳೇ.

ಜಠರದ ಕ್ಯಾನ್ಸರ್‌ಗೂ ಹೀಗೇನಾ?

ಇಲ್ಲಿ ಲಾಭ ಅಷ್ಟು ದೊಡ್ಡದಲ್ಲ, ಆದರೆ ನಷ್ಟ ಇಲ್ಲ ಅನ್ನುವುದು ಗಟ್ಟಿಯಾಗಿದೆ. ಸಂಶೋಧನೆ ಬಹುಪಾಲು ಕೊರಿಯಾ, ಚೀನಾ, ಜಪಾನಿನದು, ಅಲ್ಲಿ ಈ ಕಾಯಿಲೆ ಬಹಳ. ಕೊರಿಯಾದಲ್ಲಿ ಆರಂಭದ ಹಂತದ 1416 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಐದು ವರ್ಷದ ನಂತರ ಬದುಕಿದ್ದವರು ಲ್ಯಾಪ್ರೋಸ್ಕೋಪಿಯಲ್ಲಿ 100ಕ್ಕೆ 94.2, ತೆರೆದದ್ದರಲ್ಲಿ 93.3. ಗಾಯದ ತೊಂದರೆ ಲ್ಯಾಪ್ರೋಸ್ಕೋಪಿಯಲ್ಲಿ ಕಡಿಮೆ. ಸ್ವಲ್ಪ ಮುಂದುವರಿದ ಕಾಯಿಲೆಗೆ ಚೀನಾದಲ್ಲಿ 1056 ಜನರ ಅಧ್ಯಯನ ನಡೆಯಿತು. ಮೂರು ವರ್ಷ ಕಾಯಿಲೆ ಮರುಕಳಿಸದೆ ಇದ್ದವರು ಲ್ಯಾಪ್ರೋಸ್ಕೋಪಿಯಲ್ಲಿ 100ಕ್ಕೆ 76.5, ತೆರೆದದ್ದರಲ್ಲಿ 77.8, ಎರಡೂ ಒಂದೇ ಅನ್ನಬಹುದು. ಇವೆಲ್ಲ ಜಠರದ ಕೆಳಭಾಗ ತೆಗೆಯುವ ಆಪರೇಷನ್‌ಗಳ ಲೆಕ್ಕ.

ನೆದರ್ಲೆಂಡ್ಸಿನ 227 ಜನರ ಅಧ್ಯಯನದಲ್ಲಿ ಆಸ್ಪತ್ರೆಯಲ್ಲಿ ಇರಬೇಕಾದ ದಿನವೂ ಎರಡು ಗುಂಪಿಗೂ 7 ಬಂತು. ಹಾಗಾಗಿ ಜಠರಕ್ಕೆ ಅನುಭವ ಇರುವ ಡಾಕ್ಟರ್ ತೆರೆದೇ ಮಾಡ್ತೀನಿ ಅಂದರೆ ಜಗಳಕ್ಕೆ ನಿಲ್ಲಬೇಡಿ. ಗಂಟುಗಳನ್ನು ಸರಿಯಾಗಿ ತೆಗೆಯುತ್ತಾರಾ ಅನ್ನುವುದು ಮುಖ್ಯ. ಕನಿಷ್ಠ 16 ಗಂಟು ಪರೀಕ್ಷೆ ಆಗಿರಬೇಕು ಅನ್ನುವುದು ರೂಢಿ. ಆಪರೇಷನ್ ಆದ ಮೇಲೆ ಬರುವ ಬಯಾಪ್ಸಿ ರಿಪೋರ್ಟಿನಲ್ಲಿ ಆ ಸಂಖ್ಯೆ ಬರೆದಿರುತ್ತಾರೆ, ನೋಡಿಕೊಳ್ಳಿ.

ರೋಬೋಟ್ ಇನ್ನೂ ಒಳ್ಳೇದಾ?

ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲ, ಡಾಕ್ಟರ್ ಪಕ್ಕದಲ್ಲಿ ಕೂತು ಅದರ ಕೈಗಳನ್ನು ಆಡಿಸುತ್ತಾರೆ. ತೆರೆದ ಆಪರೇಷನ್‌ಗಿಂತ ತೊಂದರೆ ಕಡಿಮೆ ಅಂತ 2019ರ ಒಂದು ಡಚ್ ಅಧ್ಯಯನ ತೋರಿಸಿದೆ. ಮಾಮೂಲಿ ತೂತಿನ ಆಪರೇಷನ್ ಚೆನ್ನಾಗಿ ಮಾಡುವವರು ಸಿಕ್ಕಿದ್ದರೆ, ರೋಬೋಟ್‌ಗೋಸ್ಕರ ಹೊಲ ಮಾರಬೇಡಿ.

ಯಾವ ಡಾಕ್ಟರ್, ಯಾವ ಆಸ್ಪತ್ರೆ? ಇದನ್ನು ಹೇಗೆ ನಿರ್ಧರಿಸೋದು?

ನನ್ನನ್ನು ಕೇಳಿದರೆ, ಇದು ತೂತೋ ಕೊಯ್ತವೋ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ಯುರೋಪಿನ ನಾಲ್ಕು ಪರಿಣತ ಆಸ್ಪತ್ರೆಗಳಲ್ಲಿ ಎದೆಯೊಳಗೆ ಜೋಡಿಸುವ ತೂತಿನ ಆಪರೇಷನ್ ಕಲಿಯಲು ಎಷ್ಟು ಕೇಸ್ ಬೇಕಾಯಿತು ಅಂತ ಲೆಕ್ಕ ಹಾಕಿದರು. ಉತ್ತರ 119. ಕಲಿಯುವ ಕಾಲದಲ್ಲಿ ಜೋಡಿಸಿದ ಜಾಗ ಸೋರಿದ್ದು 100ಕ್ಕೆ 18.8 ರೋಗಿಗಳಲ್ಲಿ, ಕೈ ಪಳಗಿದ ಮೇಲೆ 4.5. ಒಂದೇ ಆಪರೇಷನ್, ಅವೇ ಸಾಮಾನು, ಅವೇ ತೂತುಗಳು. ಬದಲಾದದ್ದು ಅನುಭವ ಮಾತ್ರ.

ಕೊರಿಯಾದವರು ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರು ಅಂದ್ರೆ, ತಮ್ಮ ಎರಡನೇ ದೊಡ್ಡ ಅಧ್ಯಯನಕ್ಕೆ ಸೇರುವ ಡಾಕ್ಟರ್‌ಗಳಿಂದ ಆಪರೇಷನ್‌ನ ಪೂರ್ತಿ ವಿಡಿಯೋ ತರಿಸಿಕೊಂಡು ಪರೀಕ್ಷೆ ಮಾಡಿಯೇ ಸೇರಿಸಿಕೊಂಡರು. ನಾನು ಮೇಲೆ ಕೊಟ್ಟ ಒಳ್ಳೆಯ ಅಂಕಿಗಳು ಬಹುಪಾಲು ಅನುಭವದ ಕೈಗಳಿಂದ ಬಂದವು.

ಆದ್ದರಿಂದ ಸಂಕೋಚ ಬಿಟ್ಟು ಕೇಳಿ. "ಸರ್, ಈ ಆಪರೇಷನ್ ವರ್ಷಕ್ಕೆ ಎಷ್ಟು ಮಾಡ್ತೀರಿ? ಸೋರಿಕೆ ಆದ್ರೆ ರಾತ್ರಿ ಯಾರಿರ್ತಾರೆ? ಎಂಡೋಸ್ಕೋಪಿ, ಸಿಟಿ, ಐಸಿಯು ಇಲ್ಲೇ ಇದಾವಾ?" ಅಂತ. ನಮ್ಮ ಕಡೆ ಡಾಕ್ಟರ್‌ಗೆ ಇಂಥ ಪ್ರಶ್ನೆ ಕೇಳುವುದು ಅಗೌರವ ಅನ್ನುವ ಭಾವನೆ ಇದೆ. ಅಪ್ಪನ ಡಾಕ್ಟರ್ ನನ್ನ ಪ್ರಶ್ನೆಗೆ ಕುರ್ಚಿ ಎಳೆದುಕೊಂಡು ಕೂತು, ಹಾಳೆ ಮೇಲೆ ಚಿತ್ರ ಬರೆದು ಉತ್ತರ ಕೊಟ್ಟರು. ಒಳ್ಳೆಯವರು ಸಿಟ್ಟಾಗುವುದಿಲ್ಲ.

ಇಲ್ಲೇ ಆಗುತ್ತಾ? ಮುಂಬೈಗೇ ಹೋಗ್ಬೇಕಾ?

ಎಂಡೋಸ್ಕೋಪಿ, ಬಯಾಪ್ಸಿ, ಸಿಟಿ ಸ್ಕ್ಯಾನ್‌ಗೆ ಎಲ್ಲೂ ಹೋಗಬೇಕಿಲ್ಲ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಕಡೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಬೆಳಗಾವಿಯಲ್ಲಿ ಕೆಎಲ್ಇಯವರ ಪ್ರತ್ಯೇಕ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಉದ್ಘಾಟನೆ ಆಯಿತು. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಕಿದ್ವಾಯಿ, ಮುಂಬೈ ಪರೇಲ್‌ನಲ್ಲಿ ಟಾಟಾ. ಮೇಲಿನ ಪ್ರಶ್ನೆಗಳನ್ನು ಮೊದಲು ಹತ್ತಿರದಲ್ಲೇ ಕೇಳಿ. ಕೀಮೋ ಹತ್ತಿರದಲ್ಲಿ, ಆಪರೇಷನ್ ಮಾತ್ರ ದೂರದಲ್ಲಿ ಮಾಡಿಸುವ ದಾರಿಯೂ ಇದೆ.

ಖರ್ಚಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 100ಕ್ಕೆ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಸ್ಟೇಪ್ಲರ್ ಖರ್ಚು ಪ್ಯಾಕೇಜಿನ ಒಳಗೋ ಹೊರಗೋ ಅಂತ ಅಡ್ಮಿಟ್ ಆಗುವ ಮೊದಲೇ ಕೇಳಿ ಬರೆಸಿಕೊಳ್ಳಿ. ಈ ಆಪರೇಷನ್‌ನಲ್ಲಿ ಅದೂ ದೊಡ್ಡ ಬಿಲ್ಲೇ.

ಗಡ್ಡೆ ಇದೆ ಅಂತ ಗೊತ್ತಾದ ಮೇಲೂ ಮೊದಲು ಕೀಮೋ ಯಾಕೆ? ತೆಗೆದುಬಿಡಬಾರದಾ?

ಅಪ್ಪ ಇದನ್ನೇ ಕೇಳಿದ್ದರು, "ಕಳಿ ತೆಗದು ಬಿತ್ತಬೇಕು, ಬಿತ್ತಿ ಕಳಿ ತೆಗೀತಾರೇನು" ಅಂತ. ಕಣ್ಣಿಗೆ ಕಾಣದ ಬೀಜ ಬೇರೆ ಕಡೆ ಬಿದ್ದಿರಬಹುದು, ಅದಕ್ಕೆ ಮೊದಲು ಔಷಧಿ ಅಂತ ಡಾಕ್ಟರ್ ವಿವರಿಸಿದರು. 2012ರಲ್ಲಿ ಪ್ರಕಟವಾದ ಕ್ರಾಸ್ ಅಧ್ಯಯನದಲ್ಲಿ ಮೊದಲು ಕೀಮೋ ಮತ್ತು ರೇಡಿಯೇಷನ್ ಕೊಟ್ಟು ಆಮೇಲೆ ಆಪರೇಷನ್ ಆದವರಲ್ಲಿ ಅರ್ಧದಷ್ಟು ಜನ 49 ತಿಂಗಳಿಗಿಂತ ಹೆಚ್ಚು ಬದುಕಿದರು, ನೇರ ಆಪರೇಷನ್ ಆದವರಲ್ಲಿ ಈ ಅವಧಿ 24 ತಿಂಗಳು. ಸ್ಕ್ವೇಮಸ್ ಜಾತಿಯವರಲ್ಲಿ ಅರ್ಧದಷ್ಟು ಜನರಿಗೆ, ಆಪರೇಷನ್‌ನಲ್ಲಿ ತೆಗೆದ ಭಾಗದಲ್ಲಿ ಕ್ಯಾನ್ಸರ್ ಕಣವೇ ಉಳಿದಿರಲಿಲ್ಲ.

ಜಠರದ್ದಕ್ಕೆ ಮತ್ತು ಅನ್ನನಾಳ-ಜಠರ ಸೇರುವ ಜಾಗದ ಅಡೆನೋಕಾರ್ಸಿನೋಮಾಕ್ಕೆ ಫ್ಲಾಟ್ ಅನ್ನುವ ಕೀಮೋ ಕೊಡುತ್ತಾರೆ, ಆಪರೇಷನ್‌ಗೆ ಮೊದಲು ನಾಲ್ಕು ಸಲ, ಆಮೇಲೆ ನಾಲ್ಕು ಸಲ. ತೀರಾ ಆರಂಭದ, ಮೇಲ್ಪದರದಲ್ಲೇ ಇರುವ ಗಡ್ಡೆಗೆ ಇದು ಯಾವುದೂ ಬೇಡ, ಎಂಡೋಸ್ಕೋಪಿಯಲ್ಲೇ ಸುಲಿದು ತೆಗೆಯುವ ವಿಧಾನ ಇದೆ. ಆದರೆ ನಮ್ಮ ಕಡೆ ಅಷ್ಟು ಬೇಗ ಬರುವವರೇ ಕಡಿಮೆ.

ಚಾಕು ತಾಗಿದ್ರೆ ಕ್ಯಾನ್ಸರ್ ಹಬ್ಬುತ್ತಂತೆ, ನಿಜಾನಾ?

ಸುಳ್ಳು. ಈ ಮಾತು ನಂಬಿ ಔಷಧಿ ಬೇರು ಅಂತ ಮೂರ್ನಾಲ್ಕು ತಿಂಗಳು ಅಲೆದವರನ್ನು ಕಂಡಿದ್ದೇನೆ. ಆ ತಿಂಗಳುಗಳಲ್ಲಿ ಹಬ್ಬಿರುತ್ತದೆ.

ಅಧ್ಯಯನಕ್ಕೆ ಸೇರ್ತೀರಾ ಅಂತ ಆಸ್ಪತ್ರೆಯಲ್ಲಿ ಕೇಳಿದ್ರು. ಪ್ರಯೋಗದ ಪ್ರಾಣಿ ಮಾಡ್ತಾರಾ?

ಭಯ ಸಹಜ, ಆದರೆ ಕೇಳಿಸಿಕೊಳ್ಳಿ. ಎರಡು ದಾರಿಯಲ್ಲಿ ಯಾವುದು ಮೇಲು ಅಂತ ಡಾಕ್ಟರ್‌ಗಳಿಗೇ ಖಚಿತ ಇಲ್ಲದಾಗ ಮಾತ್ರ ಚೀಟಿ ಎತ್ತುವ ಅಧ್ಯಯನ ಮಾಡುತ್ತಾರೆ. ಆಸ್ಪತ್ರೆಯ ನೈತಿಕ ಸಮಿತಿ ಒಪ್ಪಿರಬೇಕು, ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ಕನ್ನಡದ್ದೇ ಕೇಳಿ ತೆಗೆದುಕೊಳ್ಳಿ. ಮನೆಗೆ ತಂದು ಓದಿ. ಬೇಡ ಅನ್ನಿಸಿದರೆ ನಡುವೆಯೂ ಹೊರಬರಬಹುದು, ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಭಾರತದಲ್ಲಿ ಇಂಥ ಅಧ್ಯಯನಗಳನ್ನು ದಾಖಲಿಸುವ ಸರ್ಕಾರಿ ನೋಂದಣಿ 2007ರಿಂದ ಇದೆ, ನೋಂದಣಿ ಸಂಖ್ಯೆ ಕೇಳಿ ನೋಡಬಹುದು.

ಆಪರೇಷನ್‌ಗಳ ಮೇಲೆ ಅಧ್ಯಯನ ಮಾಡುವುದು ಗುಳಿಗೆಯಷ್ಟು ಸುಲಭ ಅಲ್ಲ. ಗುಳಿಗೆ ಯಾವುದು ಅಂತ ರೋಗಿಗೆ ಹೇಳದೆ ಕೊಡಬಹುದು, ಗಾಯ ಮುಚ್ಚಿಡುವುದು ಹೇಗೆ? ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಎರಡೂ ಗುಂಪಿನವರಿಗೆ ಒಂದೇ ಥರದ ದೊಡ್ಡ ಪಟ್ಟಿ ಅಂಟಿಸಿ, ಮೊದಲ ಕೆಲವು ದಿನ ರೋಗಿಗೇ ಯಾವ ಆಪರೇಷನ್ ಅಂತ ಗೊತ್ತಾಗದ ಹಾಗೆ ಮಾಡಿದರು. ನೋವು ಎಷ್ಟಿದೆ ಅಂತ ಕೇಳಿದಾಗ ಮನಸ್ಸಿನ ಲೆಕ್ಕ ಸೇರಬಾರದು ಅಂತ. ಅಪ್ಪನಿಗೆ ಸಿಕ್ಕ ಚಿಕಿತ್ಸೆ ಹೀಗೆ ಸೇರಲು ಒಪ್ಪಿದ ಯಾರ್ಯಾರದೋ ಋಣದಿಂದ ಬಂದದ್ದು, ಅದಕ್ಕೆ ನಾನು ಯಾರಿಗೂ ಸುಮ್ನೆ ಬೇಡ ಅನ್ನಿ ಅಂತ ಹೇಳುವುದಿಲ್ಲ.

ಏನೇನು ತೊಂದರೆ ಆಗಬಹುದು?

ಜೋಡಣೆ ಸೋರುವುದು, ನ್ಯುಮೋನಿಯಾ, ಹೃದಯದ ಬಡಿತ ತಪ್ಪುವುದು, ಧ್ವನಿ ಒಡೆಯುವುದು. ಧ್ವನಿಯ ನರ ಅನ್ನನಾಳದ ಪಕ್ಕದಲ್ಲೇ ಹಾದುಹೋಗುತ್ತದೆ, ಅದಕ್ಕೆ. ಅಪ್ಪನಿಗೆ ಎರಡು ತಿಂಗಳು ಗೊಗ್ಗರು ಧ್ವನಿ ಇತ್ತು, ಆಮೇಲೆ ಬಂತು. ಕ್ಯಾಮೆರಾದಿಂದ ಶುರು ಮಾಡಿ ನಡುವೆ ಎದೆ ತೆರೆಯಬೇಕಾಗಿ ಬರಬಹುದು, ಅದು ಸೋಲಲ್ಲ, ರೋಗಿಯ ಜೀವ ಉಳಿಸುವ ತೀರ್ಮಾನ. ಆಪರೇಷನ್‌ಗೆ ಕನಿಷ್ಠ ನಾಲ್ಕು ವಾರ ಮೊದಲು ತಂಬಾಕು, ಬೀಡಿ ನಿಲ್ಲಿಸಿದರೆ ಶ್ವಾಸಕೋಶದ ತೊಂದರೆ ಕಡಿಮೆ. ಇದು ನಿಮ್ಮ ಕೈಯಲ್ಲೇ ಇದೆ.

ಆಮೇಲೆ ರೊಟ್ಟಿ ತಿನ್ನಬಹುದಾ?

ತಿನ್ನಬಹುದು, ಬೇಗ ಅಲ್ಲ. ಮೊದಮೊದಲು ಕರುಳಿಗೆ ಹಾಕಿದ ಸಣ್ಣ ಕೊಳವೆಯಿಂದ ಆಹಾರ. ಆಮೇಲೆ ನೀರು, ಗಂಜಿ, ರಾಗಿ ಅಂಬಲಿ, ನುಣ್ಣಗೆ ಅರೆದ ಬೇಳೆ-ಅನ್ನ. ದಿನಕ್ಕೆ ಆರು ಸಲ, ಪ್ರತಿ ಸಲ ಒಂದು ಬಟ್ಟಲು. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಲಿ.

ಸಿಹಿಯ ವಿಷಯದಲ್ಲಿ ಹುಷಾರಾಗಿರಿ. ಜಠರ ಇಲ್ಲದಾಗ ಅಥವಾ ಸಣ್ಣದಾದಾಗ ಬೆಲ್ಲ, ಸಕ್ಕರೆ ನೇರ ಕರುಳಿಗೆ ಇಳಿದು, ಎದೆ ಹೊಡೆದುಕೊಂಡು, ಬೆವರು ಬಂದು, ತಲೆ ಸುತ್ತುತ್ತದೆ. ಯುಗಾದಿಗೆ ಅಪ್ಪ ಅರ್ಧ ಹೋಳಿಗೆ ತಿಂದು ಹಾಗೇ ಕಟ್ಟೆ ಮೇಲೆ ಒರಗಿಬಿಟ್ಟರು, ಹಾರ್ಟ್ ಅಟ್ಯಾಕ್ ಅಂತ ಇಡೀ ಓಣಿ ಸೇರಿತ್ತು. ಪೂರ್ತಿ ಜಠರ ತೆಗೆದವರು ಬಿ 12 ಇಂಜೆಕ್ಷನ್ ಜೀವನಪೂರ್ತಿ ತೆಗೆದುಕೊಳ್ಳಬೇಕು, ಅದನ್ನು ಮರೆಯಬೇಡಿ.

ಎಂಟನೇ ತಿಂಗಳಲ್ಲಿ ಅಪ್ಪ ಬಿಸಿ ರೊಟ್ಟಿಯ ಮೇಲಿನ ಪದರ ಬಿಡಿಸಿಕೊಂಡು, ಶೇಂಗಾ ಹಿಂಡಿ ಮೊಸರಿನಲ್ಲಿ ಕಲಸಿ, ಒಂದು ಸಣ್ಣ ತುಣುಕು ಬಾಯಿಗಿಟ್ಟರು. ಅವ್ವ ಒಲೆ ಮುಂದೆ ಬಡಿಯುವುದನ್ನು ನಿಲ್ಲಿಸಿ ತಿರುಗಿ ನೋಡಿದಳು. ಇಳೀತು.

ಮಲಗುವಾಗ ಹುಳಿ ನೀರು ಬಾಯಿಗೆ ಬರುತ್ತೆ, ಏನು ಮಾಡೋದು?

ಅನ್ನನಾಳದ ಕೆಳಗಿನ ಬಾಗಿಲೇ ಹೋಗಿರುವುದರಿಂದ ಇದು ಇರುತ್ತದೆ. ಊಟ ಆಗಿ ಎರಡು ಮೂರು ಗಂಟೆ ಮಲಗಬಾರದು. ಬರೀ ದಿಂಬು ಏರಿಸಿದರೆ ಕುತ್ತಿಗೆ ಮಾತ್ರ ಬಾಗುತ್ತದೆ, ಎದೆಯಿಂದ ಮೇಲಿನ ಭಾಗ ಪೂರ್ತಿ ಎತ್ತರಕ್ಕೆ ಬರಬೇಕು. ನಾವು ಮಂಚದ ತಲೆ ಕಡೆಯ ಎರಡು ಕಾಲಿಗೆ ಎರಡೆರಡು ಇಟ್ಟಂಗಿ ಕೊಟ್ಟಿದ್ದೇವೆ, ಜಾರದ ಹಾಗೆ ಕೆಳಗೆ ಗೋಣಿಚೀಲ ಹಾಕಿದ್ದೇವೆ.